‘ಲೈಕ್’ ಬೇರೆ, ‘ಸೇಮ್’ ಬೇರೆ!



ಕನ್ನಡದಲ್ಲಿ ನಮಗೆ ‘ಥರ’ ಅನ್ನುವ ಒಂದು ಮಾತಿದ್ದರೆ ಸಾಕು, ಬೆಳಗಿನಿಂದ ರಾತ್ರಿವರೆಗೆ ಸಂಸಾರ ನಡೆದುಹೋಗುತ್ತದೆ. ‘ನಿಮ್ಮಮ್ಮನ ಥರ ಸಾರು ಮಾಡೇ’ ಅಂತ ಗಂಡ, ‘ಅವರಪ್ಪನ ಥರಾನೇ ಹಠ’ ಅಂತ ನಾವು, ‘ಆ ಥರದ್ದೇ ಇನ್ನೊಂದು ಸೀರೆ ತೋರಿಸಪ್ಪಾ’ ಅಂತ ಅಂಗಡಿಯಲ್ಲಿ. ಎದುರಿಗಿದ್ದವರು ಮುಖ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ.

ಇಂಗ್ಲಿಷಿನಲ್ಲಿ ಈ ಸೌಕರ್ಯ ಇಲ್ಲ ನೋಡಿ. ಲೈಕ್, ಆ್ಯಸ್, ಸೇಮ್, ಸಿಮಿಲರ್, ಅಲೈಕ್, ಈಕ್ವಲ್, ಐಡೆಂಟಿಕಲ್, ರಿಸೆಂಬಲ್, ಟೈಪ್, ಸ್ಟೈಲ್ ಅಂತ ಸಾಲಾಗಿ ನಿಂತಿರುತ್ತವೆ. ಎಲ್ಲವೂ ಹೋಲಿಕೆಯ ಮಾತುಗಳೇ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಮಾತು ಕೆಡುತ್ತದೆ, ಕೆಲವೊಮ್ಮೆ ದುಡ್ಡೂ ಕೈಬಿಡುತ್ತದೆ.

‘ಅಡುಗೆಮನೆಯಲ್ಲಿರುವ ನಮಗೆ ಇದೆಲ್ಲ ಯಾಕಮ್ಮ?’ ಅನ್ನಬೇಡಿ. ಮಕ್ಕಳ ಇಂಗ್ಲಿಷ್ ಪಾಠ ಸಂಜೆ ನಮ್ಮ ಮುಂದೆಯೇ ಬಿಚ್ಚಿಕೊಳ್ಳುವುದು. ಅಂಗಡಿಯಲ್ಲಿ ಡಬ್ಬಿ, ಬಟ್ಟೆ, ಆಟಿಕೆ ಮೇಲಿನ ಚೀಟಿ ಓದಿ ಕೊಳ್ಳುವವರೂ ನಾವೇ. ಈಗಂತೂ ಉಪ್ಪಿನಕಾಯಿ, ಚಟ್ನಿಪುಡಿ, ಕಸೂತಿ ಅಂತ ಮನೆಯಲ್ಲಿ ಮಾಡಿ ಮಾರುವವರೂ ಎಷ್ಟೋ ಜನ. ನಾನು ಹೈಸ್ಕೂಲಿನವರೆಗೆ ಮಾತ್ರ ಓದಿದವಳು. ಆದರೂ ಬೊಂಬೆಗಳ ಊರಾದ ಈ ಚನ್ನಪಟ್ಟಣದಲ್ಲಿ ಸಂಸಾರ ಮಾಡುತ್ತಾ, ಅಕ್ಕಪಕ್ಕದವರ ಚೀಟಿ, ಪತ್ರ ಓದಿ ಹೇಳುತ್ತಾ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಕನ್ನಡ ಗೊತ್ತಿದ್ದರೆ ಅರ್ಧ ಕೆಲಸ ಆಯಿತು

ಮೊದಲು ಒಂದು ಧೈರ್ಯದ ಮಾತು. ಈ ವ್ಯತ್ಯಾಸಗಳು ನಮ್ಮ ಭಾಷೆಯಲ್ಲಿ ಇಲ್ಲವೆಂದಲ್ಲ. ‘ಥರ’ ಅನ್ನುವ ಚೀಲವನ್ನು ಸುರಿದು ನೋಡಿದರೆ ಒಳಗೆ ಎಲ್ಲವೂ ಬೇರೆ ಬೇರೆಯಾಗಿಯೇ ಇವೆ.

‘ತಾಯಿಯಾಗಿ ಹೇಳ್ತಿದ್ದೀನಿ’ ಅಂದರೆ ಹೇಳುವವಳು ತಾಯಿಯೇ. ‘ತಾಯಿಯಂತೆ ಹೇಳ್ತಿದ್ದೀನಿ’ ಅಂದರೆ ಹೇಳುವವಳು ಚಿಕ್ಕಮ್ಮನೋ ಅತ್ತೆಯೋ ಇರಬೇಕು. ‘ಜೇನಿನಷ್ಟು ಸಿಹಿ’ ಅಂದರೆ ಅಳತೆಯ ಮಾತು. ‘ಅದೇ ಸೀರೆ’ ಅಂದರೆ ಮೊನ್ನೆ ಮದುವೆಗೆ ಉಟ್ಟಿದ್ದ ಆ ಒಂದೇ ಸೀರೆ. ‘ಅಂಥದೇ ಸೀರೆ’ ಅಂದರೆ ಬಣ್ಣ ಅಂಚು ಹಾಗೇ ಇರುವ ಇನ್ನೊಂದು.

ಆಗಿ, ಅಂತೆ, ಅಷ್ಟು, ಅದೇ, ಅಂಥದೇ. ಈ ಐದನ್ನು ಬೆರಳ ಮೇಲೆ ಇಟ್ಟುಕೊಳ್ಳಿ. ಇಂಗ್ಲಿಷ್ ಮಾತು ಆರಿಸುವಾಗ ಮೊದಲು ‘ಥರ’ ಬಿಟ್ಟು, ಈ ಐದರಲ್ಲಿ ನಾನು ಯಾವುದನ್ನು ಹೇಳಹೊರಟಿದ್ದೇನೆ ಅಂತ ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಲೈಕ್ ಮತ್ತು ಆ್ಯಸ್

‘ಅಂತೆ’ಗೆ ಲೈಕ್, ‘ಆಗಿ’ಗೆ ಆ್ಯಸ್. ‘ಆ್ಯಸ್ ಎ ಮದರ್’ ಅಂದರೆ ತಾಯಿಯಾಗಿ, ‘ಲೈಕ್ ಎ ಮದರ್’ ಅಂದರೆ ತಾಯಿಯಂತೆ. ಅಷ್ಟೇ!

ಚಿಕ್ಕ ವಿಷಯ ಅನ್ನಿಸಬಹುದು. ಮಗಳು ಕೆಲಸಕ್ಕೆ ಅರ್ಜಿ ಬರೆಯುತ್ತಾಳೆ ಅನ್ನಿ. ‘ಐ ವರ್ಕ್ಡ್ ಆ್ಯಸ್ ಎ ಟೀಚರ್ ಫಾರ್ ಟೂ ಇಯರ್ಸ್’ ಎಂದು ಬರೆದರೆ, 2 ವರ್ಷ ಟೀಚರಾಗಿದ್ದಳು ಅಂತ ಅರ್ಥ. ಅಲ್ಲೇ ‘ಲೈಕ್ ಎ ಟೀಚರ್’ ಎಂದರೆ, ಟೀಚರ್ ಅಲ್ಲದಿದ್ದರೂ ಟೀಚರ್ ಥರ ಕೆಲಸ ಮಾಡಿದಳು ಅಂತ! 2 ವರ್ಷದ ಅನುಭವ ಒಂದು ಪದದಲ್ಲಿ ಹೋಯಿತು ನೋಡಿ.

ಇನ್ನೊಂದು ಗುರುತೂ ಇದೆ. ಮುಂದೆ ಬರೀ ಹೆಸರು ಬಂದರೆ ಲೈಕ್: ‘ಶಿ ಸಿಂಗ್ಸ್ ಲೈಕ್ ಹರ್ ಮದರ್’, ಅವಳು ತಾಯಿಯಂತೆ ಹಾಡುತ್ತಾಳೆ. ಮುಂದೆ ಕ್ರಿಯಾಪದವಿರುವ ಪೂರ್ತಿ ಮಾತು ಬಂದರೆ ಆ್ಯಸ್: ‘ಡೂ ಆ್ಯಸ್ ಐ ಸೇ’, ನಾನು ಹೇಳಿದಂತೆ ಮಾಡು. ಆಡುಮಾತಿನಲ್ಲಿ ಇಂಗ್ಲಿಷಿನವರೇ ಎರಡೂ ಕಡೆ ಲೈಕ್ ಅನ್ನುತ್ತಾರೆ. ಪರೀಕ್ಷೆಗೆ, ಪತ್ರಕ್ಕೆ ಮಾತ್ರ ಈ ನಿಯಮವೇ ಕ್ಷೇಮ.

ಲೈಕ್ ಅಂದರೆ ಇಷ್ಟಪಡುವುದು ಅಂತಲೂ ಇದೆಯಲ್ಲ, ಮಕ್ಕಳು ತಪ್ಪುವುದು ಅಲ್ಲೇ. ‘ಶಿ ಲೈಕ್ಸ್ ಹರ್ ಮದರ್’ ಅಂದರೆ ಅವಳಿಗೆ ಅಮ್ಮ ಅಂದರೆ ಇಷ್ಟ. ‘ಶಿ ಈಸ್ ಲೈಕ್ ಹರ್ ಮದರ್’ ಅಂದರೆ ಅವಳು ಅಮ್ಮನ ಹಾಗೆ. ನಡುವಿನ ಆ ಪುಟ್ಟ ‘ಈಸ್’ ಮರೆತರೆ ಅರ್ಥವೇ ಬೇರೆ. ಹಾಗೆಯೇ ಹುಡುಗಿ ನೋಡುವ ಮಾತು ನಡೆದಾಗ ಹೊರದೇಶದಲ್ಲಿರುವ ಗಂಡಿನ ಕಡೆಯವರು ‘ವಾಟ್ ಈಸ್ ಶಿ ಲೈಕ್?’ ಅಂತ ಕೇಳಿದರೆ, ಅವಳಿಗೆ ಏನಿಷ್ಟ ಅಂತಲ್ಲ, ಅವಳ ಗುಣ ಸ್ವಭಾವ ಹೇಗೆ ಅಂತ. ‘ವಾಟ್ ಡಸ್ ಶಿ ಲುಕ್ ಲೈಕ್?’ ಅಂದರೆ ನೋಡಲು ಹೇಗಿದ್ದಾಳೆ ಅಂತ. ‘ವಾಟ್ ಡಸ್ ಶಿ ಲೈಕ್?’ ಅಂದಾಗ ಮಾತ್ರ ಏನಿಷ್ಟ ಅಂತ. ಸ್ವಭಾವ ಕೇಳಿದವರಿಗೆ ‘ಪಾನಿಪುರಿ’ ಅಂತ ಉತ್ತರ ಹೋಗಬಾರದಲ್ಲವೇ?

ಸೇಮ್, ಸಿಮಿಲರ್, ಐಡೆಂಟಿಕಲ್

ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ‘ಸೇಮ್ ಟು ಸೇಮ್’. ಮಾತಿಗೆ ಚೆನ್ನಾಗಿದೆ, ಬರೆಯುವಾಗ ಬೇಡ. ಸೇಮ್ ಹಿಂದೆ ‘ದಿ’, ಮುಂದೆ ‘ಆ್ಯಸ್’ ಬರಬೇಕು: ‘ದಿ ಸೇಮ್ ಆ್ಯಸ್ ದಿಸ್’. ‘ಸೇಮ್ ಲೈಕ್’ ಅನ್ನುವುದೂ ಸರಿಯಲ್ಲ. ಸಿಮಿಲರ್ ಮುಂದೆ ‘ಟು’ ಬರಬೇಕು: ‘ಸಿಮಿಲರ್ ಟು ದಿಸ್’.

ಅರ್ಥ ಹೇಗೆ ಬೇರೆ? ಅಡುಗೆಮನೆಗೇ ಬನ್ನಿ. ಇಡ್ಲಿ ಹಿಟ್ಟು, ದೋಸೆ ಹಿಟ್ಟು ಸಿಮಿಲರ್. ಎರಡಕ್ಕೂ ಅಕ್ಕಿ, ಉದ್ದು, ಎರಡೂ ಹುಳಿ ಬರಬೇಕು. ಆದರೆ ಅಳತೆ ಬೇರೆ, ರುಬ್ಬುವ ಹದ ಬೇರೆ. ಒಂದೇ ಪಾತ್ರೆಯ ಹಿಟ್ಟಿನಲ್ಲಿ ಮೊದಲ ದಿನ ಇಡ್ಲಿ, ಮರುದಿನ ದೋಸೆ ಮಾಡಿದರೆ ಮಾತ್ರ ಅದು ಸೇಮ್. ಕೆಲವು ಗುಣ ಕೂಡಿದರೆ ಸಿಮಿಲರ್, ಪೂರ್ತಿ ಅದೇ ಆದರೆ ಸೇಮ್.

ಇಲ್ಲಿ ಕನ್ನಡವೇ ಇಂಗ್ಲಿಷಿಗಿಂತ ಜಾಣೆ. ‘ಅದೇ’ ಮತ್ತು ‘ಅಂಥದೇ’ ನಮಗೆ ಎರಡು. ಇಂಗ್ಲಿಷಿನಲ್ಲಿ ‘ಶಿ ವೋರ್ ದಿ ಸೇಮ್ ಸ್ಯಾರಿ’ ಅಂದರೆ ಎರಡೂ ಆಗಬಹುದು. ಅನುಮಾನಕ್ಕೆ ಎಡೆ ಕೊಡಬಾರದು ಅಂದರೆ, ಅಂಥದೇ ಅನ್ನುವುದಕ್ಕೆ ‘ದಿ ಸೇಮ್ ಕೈಂಡ್ ಆಫ್ ಸ್ಯಾರಿ’ ಅನ್ನಿ.

ಐಡೆಂಟಿಕಲ್ ಅಂದರೆ ಕೂದಲೆಳೆಯಷ್ಟೂ ಫರಕಿಲ್ಲ ಅಂತ. ಈ ಮಾತಿನ ಭಾರ ಎಷ್ಟು ಅನ್ನುವುದನ್ನು ನಮ್ಮೂರಿನ ಕೆಲಸ ನೋಡಿದವರು ಬಲ್ಲರು.

ಚನ್ನಪಟ್ಟಣದ ಬೊಂಬೆ ಹೇಗಾಗುತ್ತದೆ ಗೊತ್ತೇ? ಹೆಚ್ಚಾಗಿ ಬಳಸುವುದು ಆಲೆ ಮರ. ದಂತದ ಬಣ್ಣದ ಮೃದುವಾದ ಮರ ಅದು. ಒಣಗಿಸಿ, ತುಂಡು ಮಾಡಿ, ಲೇತಿಗೆ ಕೊಟ್ಟು, ತಿರುಗುವಾಗ ಉಳಿ ಹಿಡಿದು ಆಕಾರ ತರುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಕನ್ನಡಿಯ ಹೊಳಪು. ಬುಗುರಿ, ಗಿಲಕಿ, ಕುಂಕುಮದ ಭರಣಿ ಎಲ್ಲವೂ ಹೀಗೇ. ಕೈ ಒತ್ತುವ ಬಲ ಒಂದೊಂದು ಸಲ ಒಂದೊಂದು. ಹಾಗಾಗಿ ಒಂದೇ ಕೈಯಲ್ಲಿ ಆದ ಎರಡು ಭರಣಿಗಳೂ ತದ್ರೂಪ ಆಗುವುದಿಲ್ಲ. ಇದರ ಮುಚ್ಚಳ ಅದಕ್ಕೆ ಬಿಗಿಯಾಗಬಹುದು, ಸಡಿಲವಾಗಬಹುದು.

ನಮ್ಮ ಬೀದಿಯ ಒಂದು ಮನೆಗೆ ಹೊರಗಿನ ಅಂಗಡಿಯೊಂದರಿಂದ 200 ಭರಣಿಗೆ ಆರ್ಡರ್ ಬಂತು. ಪತ್ರದಲ್ಲಿ ‘ಐಡೆಂಟಿಕಲ್ ಟು ದಿ ಸ್ಯಾಂಪಲ್’ ಎಂದಿತ್ತು. ಮನೆಯವರು ‘ಸ್ಯಾಂಪಲ್ ಥರ’ ಅಂತ ತಿಳಿದು, ಗಂಡ ಹೆಂಡತಿ ಕೂತು ಚೆನ್ನಾಗಿಯೇ ಮಾಡಿ ಕಳಿಸಿದರು. ಕೆಂಪು ಒಂದರಲ್ಲಿ ಗಾಢ, ಒಂದರಲ್ಲಿ ತಿಳಿ ಎಂದು ಸುಮಾರು ಅರ್ಧ ಮಾಲು ವಾಪಸು ಬಂತು. ಆ ಹೆಣ್ಣುಮಗಳು ಪತ್ರ ಹಿಡಿದು ಬಂದು, ‘ಅಕ್ಕಾ, ನಾವೇನು ಮೋಸ ಮಾಡಿಲ್ಲ. ಬಣ್ಣ ನೋಡಿ, ಎಲ್ಲಾ ಕೆಂಪೇ ಅಲ್ವಾ?’ ಅಂದಳು. ‘ಕೆಂಪೇನೋ ಹೌದಮ್ಮ, ಅವರು ಕೇಳಿರೋದು ಅಚ್ಚು ಹಾಕಿದ ಹಾಗೆ ಒಂದೇ ಕೆಂಪು’ ಅಂತ ಪದದ ಅರ್ಥ ಹೇಳಿದೆ. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅರಗು, ಮರ, ಕರೆಂಟು, 2 ವಾರದ ಕೂಲಿ, ಎಲ್ಲ ಆ ಒಂದು ಪದದ ಕೆಳಗೆ ಸಿಕ್ಕಿಕೊಂಡಿತ್ತು.

ಆಮೇಲಿಂದ ಆ ಮನೆಯವರು ಆರ್ಡರ್ ಒಪ್ಪುವ ಮೊದಲೇ ಒಂದು ಸಾಲು ಬರೆಸಿಕೊಳ್ಳುತ್ತಾರೆ: ‘ಸಿಮಿಲರ್ ಟು ದಿ ಸ್ಯಾಂಪಲ್ ಇನ್ ಸೈಜ್ ಅಂಡ್ ಶೇಪ್, ಕಲರ್ ಮೇ ವೇರಿ ಸ್ಲೈಟ್ಲಿ.’ ಅಳತೆ, ಆಕಾರ ಸ್ಯಾಂಪಲಿನ ಹಾಗೆ. ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ನೋಡಿದಿರಾ, ಸಿಮಿಲರ್ ಅನ್ನುವಾಗ ಯಾವುದರಲ್ಲಿ ಸಿಮಿಲರ್ ಅಂತ ಹೇಳಿದರೆ ತಕರಾರಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಐಡೆಂಟಿಕಲ್ ದೊಡ್ಡದು, ಸಿಮಿಲರ್ ಕೀಳು ಅಂತ. ಹಾಗಲ್ಲ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಬೊಂಬೆ ಸಾವಿರವೂ ಐಡೆಂಟಿಕಲ್. ಕೈಯಲ್ಲಿ ಆದದ್ದಕ್ಕೆ ಸಿಮಿಲರ್ ಅನ್ನುವುದೇ ನಿಜವಾದ ಮಾತು, ಅದರಲ್ಲಿ ನಾಚಿಕೆ ಏನೂ ಇಲ್ಲ. ನಿಮ್ಮ ಹಪ್ಪಳ, ಸಂಡಿಗೆ, ಹೆಣಿಗೆಗೂ ಇದೇ ಮಾತು.

ಸಮ, ಸಮಾನ, ಅಷ್ಟೇ

ಅಳತೆ, ಪಾಲು, ದರ್ಜೆ ಬಂದರೆ ಈಕ್ವಲ್. ‘ಈಕ್ವಲ್ ಕ್ವಾಂಟಿಟೀಸ್ ಆಫ್ ಶುಗರ್ ಅಂಡ್ ಮಿಲ್ಕ್’ ಎಂದು ಇಂಗ್ಲಿಷ್ ಅಡುಗೆ ಪುಸ್ತಕದಲ್ಲಿದ್ದರೆ ಸಕ್ಕರೆ ಹಾಲು ಎರಡೂ ಸಮಸಮ. ಮಕ್ಕಳಿಬ್ಬರಿಗೂ ಈಕ್ವಲ್ ಪಾಲು ಕೊಟ್ಟಿರಿ ಅಂದರೆ ಸಮಪಾಲು. ಒಬ್ಬನಿಗೆ ತೋಟ, ಒಬ್ಬಳಿಗೆ ಮನೆ ಆದರೂ ಬೆಲೆ ಒಂದೇ ಆಗಬಹುದು. ಅಲ್ಲಿ ಸೇಮ್ ಅನ್ನಬಾರದು.

‘ಅಷ್ಟೇ’ ಅನ್ನಬೇಕಾದರೆ ಆ್ಯಸ್ ಎರಡು ಸಲ ಬರುತ್ತದೆ: ‘ಆ್ಯಸ್ ಸ್ವೀಟ್ ಆ್ಯಸ್ ಹನಿ’, ಜೇನಿನಷ್ಟೇ ಸಿಹಿ. ಮಕ್ಕಳು ಮೊದಲ ಆ್ಯಸ್ ಬಿಟ್ಟುಬಿಡುತ್ತಾರೆ. ತಕ್ಕಡಿಗೆ ಎರಡು ತಟ್ಟೆ ಇದ್ದ ಹಾಗೆ ಅಂತ ಹೇಳಿಕೊಡಿ, ಮರೆಯುವುದಿಲ್ಲ.

ಅಲೈಕ್, ರಿಸೆಂಬಲ್, ಸಚ್ ಆ್ಯಸ್

ಅಲೈಕ್ ಯಾವಾಗಲೂ ಹಿಂದೆ ಕೂರುವ ಸೊಸೆ. ‘ದಿ ಸಿಸ್ಟರ್ಸ್ ಲುಕ್ ಅಲೈಕ್’ ಸರಿ. ‘ಅಲೈಕ್ ಸಿಸ್ಟರ್ಸ್’ ಅಂತ ಹೆಸರಿನ ಮುಂದೆ ತಂದು ಕೂರಿಸಬಾರದು. ಅಲ್ಲಿ ಸಿಮಿಲರ್ ಬೇಕು.

ರಿಸೆಂಬಲ್ ಅಂದರೆ ಹೋಲು. ‘ತಾಯಿಯನ್ನು ಹೋಲುತ್ತಾಳೆ’ ಅನ್ನುತ್ತೇವಲ್ಲ, ‘ತಾಯಿಗೆ’ ಅಂತಲೋ ‘ತಾಯಿಯ ಜೊತೆ’ ಅಂತಲೋ ಅನ್ನುವುದಿಲ್ಲ. ಇಂಗ್ಲಿಷಿನಲ್ಲೂ ಹಾಗೇ: ‘ಶಿ ರಿಸೆಂಬಲ್ಸ್ ಹರ್ ಮದರ್’. ನಡುವೆ ಟು, ವಿತ್, ಲೈಕ್ ಯಾವುದೂ ಬೇಡ.

ಉದಾಹರಣೆ ಕೊಡುವಾಗ ‘ಸಚ್ ಆ್ಯಸ್’. ‘ಟಾಯ್ಸ್ ಸಚ್ ಆ್ಯಸ್ ಟಾಪ್ಸ್ ಅಂಡ್ ರ್‍ಯಾಟಲ್ಸ್’ ಅಂದರೆ ಬುಗುರಿ, ಗಿಲಕಿ ಮೊದಲಾದ ಆಟಿಕೆಗಳು. ಅವೂ ಲೆಕ್ಕದಲ್ಲಿ ಸೇರಿವೆ ಅಂತ. ಮಾತಿನಲ್ಲಿ ಇದಕ್ಕೂ ಲೈಕ್ ಅನ್ನುವುದುಂಟು. ಬೆಲೆಪಟ್ಟಿಯಲ್ಲಿ ಸಚ್ ಆ್ಯಸ್ ಬರೆದರೆ ಗಿರಾಕಿಗೆ ಅನುಮಾನ ಉಳಿಯುವುದಿಲ್ಲ.

ಚೀಟಿಯ ಮೇಲಿನ ನಯವಾದ ಮಾತು

ಇನ್ನು ಎಚ್ಚರದ ವಿಷಯ. ಅಂಗಡಿಯ ಚೀಟಿಗಳಲ್ಲಿ ಹೋಲಿಕೆಯ ಮಾತು ಬಹಳ ನಯವಾಗಿ ಬಂದು ಕೂತಿರುತ್ತದೆ. ‘ಸಿಲ್ಕ್ ಫಿನಿಶ್’ ಅಂದರೆ ರೇಷ್ಮೆ ಅಲ್ಲ, ರೇಷ್ಮೆಯ ಹೊಳಪು ಮಾತ್ರ. ‘ಆರ್ಟ್ ಸಿಲ್ಕ್’ ಅಂದರೆ ಕಲೆಯ ರೇಷ್ಮೆ ಅಲ್ಲಮ್ಮ, ಆರ್ಟಿಫಿಶಿಯಲ್ ಅನ್ನುವುದರ ಗಿಡ್ಡ ರೂಪ, ಅಂದರೆ ಕೃತಕ. ‘ವುಡ್ ಫಿನಿಶ್’ ಅಂದರೆ ಮರದ ಬಣ್ಣ. ‘ಇಮಿಟೇಷನ್’ ಅಂದರೆ ಅನುಕರಣೆ ಅಂತ ಒಡವೆ ಕೊಂಡು ನಮಗೆಲ್ಲ ಗೊತ್ತೇ ಇದೆ. ಇವು ಸುಳ್ಳಲ್ಲ, ಆದರೆ ಓದದವರ ಕಣ್ಣಿಗೆ ನಿಜದ ಥರ ಕಾಣುತ್ತವೆ.

ನಮ್ಮ ಬೊಂಬೆಗೂ ಹಾಗೇ ಆಯಿತು. ಚನ್ನಪಟ್ಟಣದ್ದು ಅನ್ನುವುದು ಬೇರೆ, ‘ಚನ್ನಪಟ್ಟಣ ಸ್ಟೈಲ್’, ‘ಚನ್ನಪಟ್ಟಣ ಟೈಪ್’ ಅನ್ನುವುದು ಬೇರೆ. ಸ್ಟೈಲ್, ಟೈಪ್ ಅಂದರೆ ಹಾಗೆ ಕಾಣುವಂತೆ ಬೇರೆಲ್ಲೋ ಮಾಡಿದ್ದಿರಬಹುದು. ಊರಿನ ಹೆಸರನ್ನು ಹೀಗೆ ಯಾರು ಬೇಕಾದರೂ ಹಚ್ಚಿಕೊಳ್ಳಬಾರದು ಎಂದೇ ನಮ್ಮ ದೇಶದಲ್ಲಿ 1999ರಲ್ಲಿ ಭೌಗೋಳಿಕ ಗುರುತಿನ ಕಾಯಿದೆ ಬಂತು. 2003ರ ಸೆಪ್ಟೆಂಬರಿನಲ್ಲಿ ಅದು ಜಾರಿಯಾಯಿತು. ಚನ್ನಪಟ್ಟಣದ ಆಟಿಕೆ, ಬೊಂಬೆಗಳು 2005-06ರ ಸಾಲಿನಲ್ಲೇ ಆ ಪಟ್ಟಿಗೆ ಸೇರಿದವು. ಮೈಸೂರು ರೇಷ್ಮೆಯೂ ಅದೇ ಸಾಲಿನಲ್ಲಿ ಸೇರಿತು. ಬೇರೆ ಕಡೆ ಆದ ಸರಕಿಗೆ ಈ ಊರಿನ ಹೆಸರು ಇಟ್ಟು ಜನರನ್ನು ದಾರಿ ತಪ್ಪಿಸುವುದು ಈ ಕಾಯಿದೆಯ ಪ್ರಕಾರ ತಪ್ಪು.

ಕಾನೂನು ಮಾಡುವವರೂ ಈ ಪದಗಳ ಮೇಲೆ ಕಣ್ಣಿಟ್ಟಿದ್ದಾರೆ. 1995ರಲ್ಲಿ ಆರಂಭವಾದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಲ್ಲಿ ದ್ರಾಕ್ಷಾರಸ ಮತ್ತು ಮದ್ಯಗಳ ಮಟ್ಟಿಗೆ ಕೈಂಡ್, ಟೈಪ್, ಸ್ಟೈಲ್, ಇಮಿಟೇಷನ್ ಎಂಬ ಮಾತುಗಳನ್ನೇ ಹೆಸರಿಸಿ, ಇವನ್ನು ಸೇರಿಸಿದರೂ ಬೇರೆ ಊರಿನ ಹೆಸರು ಬಳಸುವಂತಿಲ್ಲ ಎಂದು ಬರೆದಿದ್ದಾರೆ. ನಮ್ಮ ಕಾಯಿದೆಯಲ್ಲೂ ಕೇಂದ್ರ ಸರ್ಕಾರ ವಿಶೇಷವಾಗಿ ಸೂಚಿಸಿದ ಸರಕುಗಳಿಗೆ ಅಂಥದೇ ರಕ್ಷಣೆ ಇದೆ. 1999ರ ಟ್ರೇಡ್ ಮಾರ್ಕ್ ಕಾಯಿದೆಯಲ್ಲಂತೂ ಐಡೆಂಟಿಕಲ್ ಒಂದು, ‘ಡಿಸೆಪ್ಟಿವ್ಲಿ ಸಿಮಿಲರ್’ ಇನ್ನೊಂದು. ಎರಡನೆಯದು ಜನ ಮೋಸಹೋಗುವಷ್ಟು ಹೋಲುವಂಥದ್ದು. ಹೆಸರಿನ ಒಂದಕ್ಷರ ಬದಲಿಸಿ ಅದೇ ಬಣ್ಣದ ಪೊಟ್ಟಣದಲ್ಲಿ ಬರುವ ಸೋಪು, ಬಿಸ್ಕತ್ತು ನೀವೂ ನೋಡಿರುತ್ತೀರಿ.

ಇದರಲ್ಲಿ ಕೆಲಸದವರ ಅನ್ನವೂ ಇದೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆದರೆ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ, ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಕೊಟ್ಟರು. ಅಂದರೆ ‘ಕುಶಲಕರ್ಮಿಯಾಗಿ’ ನೋಂದಾಯಿಸಿಕೊಂಡವರಿಗೆ ಒಂದು ದಾರಿ, ‘ಅವರಂತೆ’ ಮಾಡುವವರಿಗೆ ಇನ್ನೊಂದು. ಆಗಿ ಮತ್ತು ಅಂತೆ, ಆ್ಯಸ್ ಮತ್ತು ಲೈಕ್! ವ್ಯಾಕರಣ ಅಂತ ನಾವು ಮೂಗು ಮುರಿಯುವ ವಿಷಯ ಇಲ್ಲಿ ಹೊಟ್ಟೆಪಾಡಿನ ವಿಷಯ.

ಡೈರಿಯಲ್ಲಿ ಬರೆದಿಟ್ಟುಕೊಳ್ಳಿ

1. ‘ಆಗಿ’ ಅನ್ನಬೇಕಾದರೆ ಆ್ಯಸ್; ‘ಅಂತೆ’ ಅನ್ನಬೇಕಾದರೆ ಲೈಕ್.

2. ‘ಅದೇ’ಗೆ ದಿ ಸೇಮ್, ‘ಅಂಥದೇ’ಗೆ ದಿ ಸೇಮ್ ಕೈಂಡ್. ಮುಂದೆ ಆ್ಯಸ್, ಲೈಕ್ ಅಲ್ಲ.

3. ಕೆಲವು ಗುಣ ಮಾತ್ರ ಕೂಡಿದರೆ ಸಿಮಿಲರ್ ಟು. ಯಾವುದರಲ್ಲಿ ಎಂಬುದನ್ನೂ ಹೇಳಿ.

4. ತದ್ರೂಪ ಆದರೆ ಮಾತ್ರ ಐಡೆಂಟಿಕಲ್. ಕೈಕೆಲಸಕ್ಕೆ ಈ ಮಾತು ಒಪ್ಪಿಕೊಳ್ಳುವ ಮೊದಲು ಎರಡು ಸಲ ಯೋಚಿಸಿ.

5. ಅಳತೆ, ಪಾಲಿಗೆ ಈಕ್ವಲ್. ‘ಅಷ್ಟೇ’ಗೆ ಎರಡು ಆ್ಯಸ್.

6. ಚೀಟಿಯಲ್ಲಿ ಟೈಪ್, ಸ್ಟೈಲ್, ಫಿನಿಶ್ ಕಂಡರೆ ‘ಹಾಗಾದರೆ ಇದು ನಿಜವಾಗಿ ಏನು?’ ಅಂತ ಅಂಗಡಿಯವರನ್ನು ಕೇಳಿ. ಕೇಳಲು ಸಂಕೋಚ ಬೇಡ, ದುಡ್ಡು ಕೊಡುವವರು ನೀವು.

ಇಷ್ಟೆಲ್ಲ ಓದಿದ ಮೇಲೆ ಮಕ್ಕಳಿಗೆ ಕಲಿಸುವುದು ಹೇಗೆ ಅನ್ನುತ್ತೀರಾ? ಪುಸ್ತಕ ಬೇಡ. ಇವತ್ತು ಸಂಜೆ ಅಡುಗೆಮನೆಯಿಂದ ಎರಡು ಲೋಟ, ಎರಡು ಚಮಚ, ಮನೆಯಲ್ಲಿದ್ದರೆ ಎರಡು ಬುಗುರಿ ತಂದು ಮಗುವಿನ ಮುಂದಿಡಿ. ಇವು ಸೇಮೋ, ಸಿಮಿಲರೋ, ಐಡೆಂಟಿಕಲೋ? ಯಾವುದರಲ್ಲಿ ಸಿಮಿಲರ್? ಇದರಷ್ಟೇ ಅದು ಭಾರವೇ? ಒಂದೊಂದು ಉತ್ತರಕ್ಕೂ ‘ಯಾಕೆ?’ ಅಂತ ಕೇಳಿ. ಹತ್ತು ನಿಮಿಷ ಸಾಕು. ಒಲೆಯ ಮೇಲೆ ಅನ್ನ ಕುದಿಯುವಷ್ಟರಲ್ಲಿ ಪಾಠ ಮುಗಿದಿರುತ್ತದೆ.